ಕುರುಂಬರ ತಲೆಗೆ ಕಟ್ಟಿದ ದೆವ್ವ

ನೀಲಗಿರಿಯ ಕುರುಂಬರನ್ನು ಮಾಟಗಾರರೆಂದು ಬಣ್ಣಿಸುವ ರೂಢಿ ಮುದ್ರಣದಲ್ಲೇ ಹತ್ತಿರಹತ್ತಿರ ಇನ್ನೂರು ವರ್ಷ ಹಳೆಯದು. ಹೆನ್ರಿ ಹಾರ್ಕ್‌ನೆಸ್ ಈ ಬೆಟ್ಟಗಳ ಜನರ ಬಗ್ಗೆ 1832ರಲ್ಲಿ ಪುಸ್ತಕ ತಂದ. ಬಾಸೆಲ್ ಮಿಷನ್ನಿನ ಫರ್ಡಿನಂಡ್ ಮೆಟ್ಸ್, ಜಿಲ್ಲೆಯ ಕಮಿಷನರ್ ಆಗಿದ್ದ ಜೇಮ್ಸ್ ಬ್ರೀಕ್ಸ್, 1880ರ ಜಿಲ್ಲಾ ಕೈಪಿಡಿ ಬರೆದ ಗ್ರಿಗ್, 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟ ಹೊರತಂದ ಎಡ್ಗರ್ ಥರ್ಸ್ಟನ್ ಅದೇ ಸಾಲಿನಲ್ಲಿ ನಡೆದರು. ಬರೆದವರು ಬದಲಾದರೂ ಚಿತ್ರ ಬದಲಾಗಲಿಲ್ಲ. ಮೇಲ್ನಾಡಿನ ಹುಲ್ಲುಗಾವಲಿನಲ್ಲಿ ಎಮ್ಮೆ ಕಾಯುವ ತೋಡರು ಗಂಭೀರ ಜನ, ಕಬ್ಬಿಣ ಬಡಿದು ಮಡಕೆ ಮಾಡುವ ಕೋತರು ಕಸುಬುದಾರರು, ರಾಗಿ ಸಾಮೆ ಬೆಳೆಯುವ ಬಡಗರು ದುಡಿಮೆಗಾರರು. ಕೆಳಗಿನ ಇಳಿಜಾರಿನ ಕಾಡಿನಲ್ಲಿರುವ ಕುರುಂಬ ಮಾತ್ರ ಕೇಡು ಮಾಡುವವನು. ಪ್ರವಾಸಿ ಕೈಪಿಡಿಗಳಲ್ಲಿ, ಪತ್ರಿಕೆಗಳ ವಾರಾಂತ್ಯದ ಬರಹಗಳಲ್ಲಿ, ಊಟಿಗೆ ಹೋಗಿಬಂದವರು ಹೇಳುವ ಕತೆಗಳಲ್ಲಿ ಈ ಹಂಚಿಕೆ ಇಂದಿಗೂ ಹಾಗೆಯೇ ನಡೆದುಬರುತ್ತಿದೆ.

ಈ ಚಿತ್ರಕ್ಕೆ ಪೂರ್ತಿ ಅದ್ಭುತ ಕತೆಯ ರೂಪ ಕೊಟ್ಟವಳು ಥಿಯಾಸಾಫಿಕಲ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬಳಾದ ಹೆಲೆನಾ ಬ್ಲಾವಟ್‌ಸ್ಕಿ. 1883ರಲ್ಲಿ ಆಕೆ ಉದಕಮಂಡಲಕ್ಕೆ ಬಂದು, ನಿವೃತ್ತ ಸೇನಾಧಿಕಾರಿ ಮೋರ್ಗನ್ ಅವರ ಮನೆಯಲ್ಲಿ ಉಳಿದುಕೊಂಡಿದ್ದಳು. ಅಲ್ಲಿ ಕೇಳಿದ್ದು, ಓದಿದ್ದು, ಊಹಿಸಿದ್ದು ಎಲ್ಲವನ್ನೂ ಕಲಸಿ ನೀಲಿ ಬೆಟ್ಟಗಳ ನಿಗೂಢ ಬುಡಕಟ್ಟುಗಳ ಬಗ್ಗೆ ರಷ್ಯನ್ ಭಾಷೆಯಲ್ಲಿ ಬರೆದಳು. ಅದು 1884-85ರಲ್ಲಿ ರಷ್ಯದ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು, ಮುಂದೆ ಇಂಗ್ಲಿಷಿಗೂ ಹೋಯಿತು. ಆ ಲೋಕದಲ್ಲಿ ತೋಡರು ದಿವ್ಯಜ್ಞಾನವುಳ್ಳ ಮಹಾಶಕ್ತಿವಂತರು. ಆಕೆ ‘ಮುಳು ಕುರುಂಬ’ರೆಂದು ಕರೆದವರು ಕುಳ್ಳಗೆ, ಕಪ್ಪಗೆ, ನೋಟದಿಂದಲೇ ಜೀವ ತೆಗೆಯುವ ಕತ್ತಲೆಯ ಕಿಂಕರರು, ಆ ದುಷ್ಟರು ಅಂಜುವುದು ತೋಡರಿಗೆ ಮಾತ್ರ. ಬೆಳಕಿನ ಕಡೆಯ ಒಡೆಯ, ಕತ್ತಲೆಯ ಕಡೆಯ ಬಂಟ, ನಡುವೆ ನಡುಗುವ ಸಾಮಾನ್ಯ ಜನ: ಮುಂದಿನ ಶತಮಾನದ ಅದ್ಭುತ ಕಾದಂಬರಿಗಳು ನೆಚ್ಚಿಕೊಂಡ ಚೌಕಟ್ಟು ಅಲ್ಲಿ ಸಿದ್ಧವಾಗಿತ್ತು. ಒಂದೇ ವ್ಯತ್ಯಾಸವೆಂದರೆ, ಆ ಕಾದಂಬರಿಗಳ ಬಂಟರು ಕಲ್ಪಿತರು. ಬ್ಲಾವಟ್‌ಸ್ಕಿಯ ಕತೆಯ ಬಂಟರಿಗೆ ಹೆಂಡತಿ ಮಕ್ಕಳಿದ್ದರು, ಊರುಕೇರಿಗಳಿದ್ದವು, ಅವರನ್ನು ಕೊಲ್ಲಲು ಕಾದಿದ್ದ ನೆರೆಹೊರೆಯೂ ಇತ್ತು.

ಕುರುಂಬರು ಮಾಟಗಾರರು ಎಂಬ ಈ ನಂಬಿಕೆ ಬುಡಕಟ್ಟುಗಳ ಮುಗ್ಧ ಜಾನಪದವಲ್ಲ, ನಿರುಪದ್ರವಿ ಕತೆಯೂ ಅಲ್ಲ. ಅದು ಮೂರು ತಪ್ಪುಗಳ ಮೇಲೆ ನಿಂತಿದೆ. ಬೇರೆ ಬೇರೆ ಜನಗಳನ್ನು ಒಂದೇ ಹೆಸರಿನಡಿ ಸೇರಿಸಿದ್ದು ಮೊದಲನೆಯದು. ಊರಿನವರೇ ಒಬ್ಬನಿಗೆ ವಹಿಸಿದ ಕೆಲಸವನ್ನು ಅವನ ಹುಟ್ಟುಗುಣವೆಂದು ಓದಿದ್ದು ಎರಡನೆಯದು. ಕಾಯಿಲೆ ಮತ್ತು ಸಾವಿಗೆ ಇದ್ದ ಕಾರಣಗಳನ್ನು ಬಿಟ್ಟು ಅವುಗಳ ಹೊಣೆಯನ್ನು ಎಲ್ಲರಿಗಿಂತ ಬಡವನ ಹೆಗಲಿಗೆ ಹೊರಿಸಿದ್ದು ಮೂರನೆಯದು. ಈ ಮೂರನ್ನೂ ಒಂದೊಂದಾಗಿ ಪರಿಶೀಲಿಸಿದರೆ ಮಾಟಗಾರ ಕುರುಂಬನಲ್ಲಿ ಉಳಿಯುವುದು ಬರೆದವರ ಮತ್ತು ಬರೆಸಿದವರ ಅಗತ್ಯ ಮಾತ್ರ.

ಮೊದಲು ಹೆಸರಿನ ವಿಚಾರ. ನೀಲಗಿರಿ ಜಿಲ್ಲೆಯಲ್ಲಿ ಕುರುಂಬರೆಂದು ಕರೆಸಿಕೊಳ್ಳುವ ಜನ ಒಂದೇ ಸಮುದಾಯದವರಲ್ಲ. ಕೋತಗಿರಿ, ಕೂನೂರು, ಕುಂದಾ ಕಡೆಯ ಇಳಿಜಾರುಗಳಲ್ಲಿರುವವರು ಆಲು ಕುರುಂಬರು. ಇವರಿಗೆ ಪಾಲು ಕುರುಂಬರೆಂಬ ಹೆಸರೂ ಇದೆ. ಮಸಿನಗುಡಿ, ತೆಪ್ಪಕಾಡು, ಗೂಡಲೂರಿನ ಕಡೆ ಬೆಟ್ಟ ಕುರುಂಬರಿದ್ದಾರೆ. ಮುದುಮಲೆಯ ಕಾಡಿನ ಸುತ್ತ ಜೇನು ಕುರುಂಬರಿದ್ದಾರೆ. ಸರಕಾರಿ ಪಟ್ಟಿಯಲ್ಲಿ ಇವರು ಕಾಟ್ಟುನಾಯಕನ್. ಗಡಿ ದಾಟಿ ಹೆಗ್ಗಡದೇವನಕೋಟೆ, ನಾಗರಹೊಳೆ ಕಡೆಗೆ ಬಂದರೆ ಜೇನು ಕುರುಬರು, ಬೆಟ್ಟ ಕುರುಬರು ಎಂದು ಕನ್ನಡಿಗರು ಬಲ್ಲ ಜನರೂ ಇದೇ ಕಾಡಿನ ಸಾಲಿನವರು. ಗೂಡಲೂರು, ಪಂದಲೂರು ತಾಲ್ಲೂಕುಗಳಲ್ಲಿ ವಯನಾಡಿಗೆ ತಾಗಿಕೊಂಡಿರುವವರು ಮುಳ್ಳು ಕುರುಂಬರು. ಗದ್ದೆ ಬೇಸಾಯ ಮಾಡುವವರು, ಬಿಲ್ಲುಬಾಣದ ಬೇಟೆಯಲ್ಲಿ ಹೆಸರಾದವರು, ಮಲಯಾಳಕ್ಕೆ ಹತ್ತಿರದ ಮಾತನ್ನಾಡುವವರು. ಕುರಿಚ್ಯರ ಜೊತೆ ಸೇರಿ 1812ರಲ್ಲಿ ಕಂಪನಿ ಸರಕಾರದ ವಿರುದ್ಧ ಬಂಡೆದ್ದವರ ಮನೆತನ ಇದು.

ಮಾಟದ ಕತೆಗಳಲ್ಲಿ ಬರುವವರು ಮುಖ್ಯವಾಗಿ ಆಲು ಕುರುಂಬರು, ಏಕೆಂದರೆ ತೋಡ, ಕೋತ, ಬಡಗರ ಮೇಲ್ನಾಡಿಗೆ ಹೊಂದಿಕೊಂಡಿದ್ದವರು ಅವರೇ. ಬ್ಲಾವಟ್‌ಸ್ಕಿ ತನ್ನ ದೆವ್ವಗಳಿಗೆ ಇಟ್ಟ ಹೆಸರು ಇಂದು ಹೊಂದುವುದು ವಯನಾಡಿನ ಬದಿಯಲ್ಲಿ ಗದ್ದೆ ಉಳುವ ಮುಳ್ಳು ಕುರುಂಬ ರೈತರಿಗೆ. ಭಾಷೆ, ಕಸುಬು, ಮದುವೆಯ ಸಂಬಂಧ, ದೈವ ಎಲ್ಲವೂ ಬೇರೆಯಾಗಿರುವ ಜನಗಳನ್ನು ಒಂದೇ ಮಾಟದ ಹಗ್ಗದಲ್ಲಿ ಕಟ್ಟಿದವರು ಅವರನ್ನು ಬೇರೆ ಬೇರೆಯಾಗಿ ಗುರುತಿಸಿ ಬರೆದವರಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆನೆ ಪಳಗಿಸುವ ಮಸಿನಗುಡಿಯ ಬೆಟ್ಟ ಕುರುಂಬನಿಗೂ ಕೋತಗಿರಿಯ ಕಮರಿಯ ಆಲು ಕುರುಂಬನಿಗೂ ಒಂದೇ ಆರೋಪ ಅಂಟುತ್ತದೆಂದರೆ, ಆ ಆರೋಪ ಯಾವ ಕೃತ್ಯದಿಂದಲೂ ಹುಟ್ಟಿದ್ದಲ್ಲ, ಹೆಸರಿನಿಂದ ಹುಟ್ಟಿದ್ದು.

ಇನ್ನು ಕೆಲಸದ ವಿಚಾರ. ವಿಜಯನಗರದ ಪತನದ ನಂತರದ ಕಾಲದಲ್ಲಿ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರ ವಂಶವೆಂದು ಬಡಗರು ತಮ್ಮ ಮೂಲವನ್ನು ಹೇಳಿಕೊಳ್ಳುತ್ತಾರೆ. ಅವರ ಮಾತು ಕನ್ನಡದ ಹತ್ತಿರದ ನಂಟಿನದು. ಬೆಟ್ಟದ ಮೇಲೆ ಅವರು ತೋಡರಿಂದ ತುಪ್ಪ, ಕೋತರಿಂದ ಕುಡ, ಕುಡುಗೋಲು, ಮಡಕೆ ಮತ್ತು ವಾದ್ಯದ ಸೇವೆ ಪಡೆದು ಧಾನ್ಯ ಕೊಡುತ್ತಿದ್ದರು. ಕುರುಂಬರಿಂದ ಅವರಿಗೆ ಸಿಗುತ್ತಿದ್ದದ್ದು ಜೇನು, ಬಿದಿರಿನ ಬುಟ್ಟಿ, ಕಾಡಿನ ಬೇರುನಾರು. ಇವೆಲ್ಲಕ್ಕಿಂತ ಮುಖ್ಯವಾಗಿ ಕಾವಲು. ಬಡಗರ ಹಟ್ಟಿಗಳಿಗೆ ಅವರವರದೇ ಕುರುಂಬನಿರುತ್ತಿದ್ದ. ಕಣಿಕುರುಂಬನೆಂದು ಅವನ ಹೆಸರು. ಅವನಿಗೆ ಮನೆಮನೆಯಿಂದ ಧಾನ್ಯ ಸಲ್ಲುತ್ತಿತ್ತು. ಹೊರಗಿನ ಮಾಟ, ಬೇರೆ ಕುರುಂಬರ ಮಾಟ, ಕಾಡುಮೃಗ, ರೋಗ ಇವು ಹಟ್ಟಿಯ ಎಲ್ಲೆ ದಾಟದಂತೆ ನೋಡಿಕೊಳ್ಳುವುದು ಅವನ ಹೊಣೆ.

ಅವನ ಹೊಣೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಬಿತ್ತನೆಯ ಕಾಲದಲ್ಲಿ ಮೊದಲ ಹಿಡಿ ಬೀಜ ಚೆಲ್ಲಬೇಕಾದವನು ಕುರುಂಬ. ಬೆಳೆ ಬಂದಾಗ ಮೊದಲ ತೆನೆ ಕೊಯ್ಯಬೇಕಾದವನೂ ಅವನೇ. ಅವನ ಕೈ ತಾಗದೆ ಹೊಲಕ್ಕೆ ಬೀಜ ಬೀಳುತ್ತಿರಲಿಲ್ಲ, ತೆನೆ ಮನೆಗೆ ಬರುತ್ತಿರಲಿಲ್ಲ. ಊರಿನ ಅನ್ನದ ಮೊದಲ ಗಳಿಗೆಯನ್ನು ಯಾರ ಕೈಗೆ ಒಪ್ಪಿಸುತ್ತಾರೋ ಅವನು ಆ ಊರಿನ ಪೂಜಾರಿ. ಕನ್ನಡ ನಾಡಿನ ಯಾವ ಹಳ್ಳಿಯಲ್ಲಿ ಈ ಕೆಲಸ ಮಾಡಿದ್ದರೂ ಅವನನ್ನು ಹಾಗೆಯೇ ಕರೆಯುತ್ತಿದ್ದರು. ನೀಲಗಿರಿಯ ಬರಹಗಳು ಈ ವಿವರವನ್ನು ದಾಖಲಿಸಿಯೂ ಅವನನ್ನು ಪೂಜಾರಿಯೆಂದು ಕಾಣಲಿಲ್ಲ; ಅದೇ ಪುಟದಲ್ಲಿ ಅವನನ್ನು ಮಾಟಗಾರನೆಂದು ಕರೆದು ಮುಂದೆ ಹೋದವು. ಬೀಜ ಬಿತ್ತುವ ಕೈಯನ್ನು ಅಡಿಟಿಪ್ಪಣಿಗೆ ತಳ್ಳಿ, ಕೊಲ್ಲುವ ಕಣ್ಣನ್ನು ತಲೆಬರಹಕ್ಕೆ ಏರಿಸಿದ ಬರವಣಿಗೆಯನ್ನು ನಿಷ್ಪಕ್ಷಪಾತಿ ಎನ್ನಲಾಗದು.

ಕಾವಲುಗಾರನಿಗೆ ಭಯವೇ ಬಂಡವಾಳ. ಹಟ್ಟಿಯನ್ನು ಕೇಡಿನಿಂದ ಕಾಯಬಲ್ಲವನು ಕೇಡು ಮಾಡಲೂ ಬಲ್ಲವನಾಗಿರಬೇಕೆಂದು ಊರು ನಂಬಿದ್ದರಿಂದಲೇ ಅವನಿಗೆ ಧಾನ್ಯ ಸಲ್ಲುತ್ತಿತ್ತು. ಹಾಗಾಗಿ ಮಾಟದ ಶಕ್ತಿ ಕುರುಂಬನ ಸ್ವಂತ ಸೊತ್ತಲ್ಲ; ಅವನಿಂದ ಸೇವೆ ಪಡೆದವರು ಆ ಹುದ್ದೆಗೆ ಜೋಡಿಸಿದ ಷರತ್ತು. ಕರಾವಳಿಯ ಓದುಗರಿಗೆ ಇಂಥ ಸೇವಕ ಶಕ್ತಿಗಳು ಹೊಸವಲ್ಲ. ತುಳುನಾಡಿನ ಪಂಜುರ್ಲಿ, ಗುಳಿಗ ಭಯ ಹುಟ್ಟಿಸುವ ದೈವಗಳೇ. ಧರ್ಮಸ್ಥಳದಲ್ಲಿ ಅಣ್ಣಪ್ಪ ಮಂಜುನಾಥನ ಸೇವೆಯಲ್ಲಿರುವ ದೈವ. ಎ. ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು, ಅಂದರೆ ದೈವಗಳ ಹಾಡುಗಳು, 1890ರ ದಶಕದಲ್ಲಿ ಅಚ್ಚಾದಾಗ ಅವುಗಳಿಗೆ ತುಳುವರ ಸೈತಾನಪೂಜೆ ಎಂಬ ಅರ್ಥದ ತಲೆಬರಹ ಬಿತ್ತು. ಆದರೆ ತುಳುನಾಡಿನ ಜನ ಆ ಹೆಸರನ್ನು ಒಪ್ಪಲಿಲ್ಲ. ಅವರ ದೈವಗಳಿಗೆ ಗುಡಿಯುಂಟು, ಕೋಲವುಂಟು, ನ್ಯಾಯ ಹೇಳುವ ಅಧಿಕಾರವುಂಟು. ಅಲ್ಲಿ ಭಯದ ಜೊತೆ ಮರ್ಯಾದೆಯೂ ಸಂದಿತು. ನೀಲಗಿರಿಯ ಕಣಿಕುರುಂಬನಿಗೆ ಸಂದದ್ದು ಭಯ ಮಾತ್ರ. ಅವನ ಪಾಲಿನ ಮರ್ಯಾದೆಯನ್ನು ಬರೆದಿಡಲು ಯಾರೂ ಮುಂದೆ ಬರಲಿಲ್ಲ.

ಮೂರನೆಯದು ಕಾಯಿಲೆಯ ವಿಚಾರ. ಕಾಡಿನಲ್ಲಿ ಕುರುಂಬನನ್ನು ಒಂಟಿಯಾಗಿ ಎದುರಾದವನು ಮನೆಗೆ ಬಂದು ಹಾಸಿಗೆ ಹಿಡಿದು ಹೆದರಿಕೆಯಿಂದಲೇ ಸಾಯುತ್ತಾನೆಂದು ಹಳೆಯ ಬರಹಗಳು ಹೇಳುತ್ತವೆ. ಆ ಕಾಡು ಎಲ್ಲಿತ್ತು ಎಂದು ಕೇಳಿದರೆ ವಿಷಯ ತಿಳಿಯಾಗುತ್ತದೆ. ಉದಕಮಂಡಲ ಸಮುದ್ರಮಟ್ಟದಿಂದ 7,000 ಅಡಿಗಿಂತ ಮೇಲಿದೆ. ಅಲ್ಲಿನ ಚಳಿಯಲ್ಲಿ ಮಲೇರಿಯಾದ ಕಾಟ ಕಡಿಮೆ. ಕುರುಂಬರು ಇದ್ದದ್ದು ಅದಕ್ಕಿಂತ ಬಹಳ ಕೆಳಗಿನ, ಬಿಸಿಯೂ ತೇವವೂ ಇರುವ ಇಳಿಜಾರಿನಲ್ಲಿ. ಅದು ಜ್ವರದ ಸೀಮೆ. ಮೇಲ್ನಾಡಿನವನು ಕೆಲಸದ ಮೇಲೆ ಅಲ್ಲಿಗೆ ಇಳಿದು, ಕುರುಂಬನ ಮುಖ ನೋಡಿ, ಸೊಳ್ಳೆ ಕಚ್ಚಿಸಿಕೊಂಡು ಹತ್ತಿ ಬರುತ್ತಿದ್ದ. ಕೆಲವು ದಿನ ಕಳೆದು ನಡುಕ ಬರುತ್ತಿತ್ತು. ಅವನಿಗೆ ನೆನಪಿರುತ್ತಿದ್ದದ್ದು ಕುರುಂಬನ ಮುಖ, ಸೊಳ್ಳೆಯಲ್ಲ.

ಇದು ಬರಿಯ ಊಹೆಯ ಮಾತಲ್ಲವೆಂಬುದಕ್ಕೆ ವೈದ್ಯಶಾಸ್ತ್ರದ ಚರಿತ್ರೆಯಲ್ಲೇ ಒಂದು ಪ್ರಸಂಗವಿದೆ. 1897ರಲ್ಲಿ ರೊನಾಲ್ಡ್ ರಾಸ್ ರಜೆಯ ಮೇಲೆ ಉದಕಮಂಡಲಕ್ಕೆ ಬಂದಿದ್ದ. ಮಲೇರಿಯಾ ಹೇಗೆ ಹರಡುತ್ತದೆಂದು ನೋಡಲು ಸಿಗೂರು ಘಾಟಿಯಲ್ಲಿ ಕಲ್ಹಟ್ಟಿಯ ಕಡೆಗೆ, ಅಂದರೆ ಮಸಿನಗುಡಿಗೆ ಇಳಿಯುವ ದಾರಿಗೆ ಹೋದ. ಅಲ್ಲಿ ಅವನಿಗೇ ಜ್ವರ ಹಿಡಿಯಿತು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡುಹಿಡಿದ. ಆ ಘಾಟಿಯಲ್ಲಿ ಇಳಿದು ಜ್ವರ ಬಿದ್ದವನು ರಾಸ್ ಬದಲು ಒಬ್ಬ ಬಡಗ ಅಥವಾ ತೋಡನಾಗಿದ್ದರೆ ಅಪವಾದ ಯಾರ ಮೇಲೆ ಬರುತ್ತಿತ್ತೆಂದು ಹೇಳಬೇಕಿಲ್ಲ. ಅದೇ ಜ್ವರ ಕುರುಂಬರ ಮಕ್ಕಳನ್ನೂ ಬಿಡುತ್ತಿರಲಿಲ್ಲ ಎಂಬ ಸರಳ ಸಂಗತಿ ಮಾಟದ ಕತೆ ಹೇಳುವವರಿಗೆ ಹೊಳೆಯಲೇ ಇಲ್ಲ. ಇಷ್ಟಾಗಿಯೂ 1897ರ ನಂತರ ಬರೆದವರು ಹಳೆಯ ವಾಕ್ಯಗಳನ್ನೇ ನಕಲು ಮಾಡುತ್ತ ಹೋದರು. 1909ರ ಥರ್ಸ್ಟನ್ ಸಂಪುಟಗಳ ಹೊತ್ತಿಗೆ ಸೊಳ್ಳೆಯ ವಿಚಾರ ಲೋಕಕ್ಕೆಲ್ಲ ಗೊತ್ತಿತ್ತು. ಅದಕ್ಕಾಗಿ ರಾಸ್‌ಗೆ 1902ರಲ್ಲಿ ನೊಬೆಲ್ ಬಹುಮಾನವೂ ಬಂದಿತ್ತು. ತಿಳಿದ ಮೇಲೂ ತಿದ್ದದಿದ್ದರೆ ಅದನ್ನು ಅಜ್ಞಾನವೆಂದು ಕ್ಷಮಿಸಲು ಬರುವುದಿಲ್ಲ.

ಈ ನಂಬಿಕೆಗೆ ತೆತ್ತ ಬೆಲೆ ಪೊಲೀಸ್ ದಾಖಲೆಗಳಲ್ಲೇ ಇದೆ. 1835ರಲ್ಲಿ 48 ಕುರುಂಬರನ್ನು ಕೊಂದರು. 1875ರಲ್ಲಿ ಮತ್ತು 1882ರಲ್ಲಿ ಮತ್ತೆ ಕೊಲೆಗಳಾದವು. 1900ರಲ್ಲಿ ಒಂದು ಇಡೀ ಕುರುಂಬ ಕುಟುಂಬವನ್ನೇ ಮುಗಿಸಿದರು. ಆ ಮನೆಯ ಯಜಮಾನ ಔಷಧಿ ಬಲ್ಲವನೆಂದು ಹೆಸರಾಗಿದ್ದ. ಒಂದು ಬಡಗ ಹಟ್ಟಿಗೆ ರೋಗ ಮತ್ತು ಸಾವು ತಂದವನು ಅವನೇ ಎಂಬುದು ಆರೋಪ. ಸುತ್ತಲ ಸೀಮೆಯ ಸಹಾನುಭೂತಿ ಪೂರ್ತಿಯಾಗಿ ಕೊಂದವರ ಕಡೆಗಿದ್ದುದರಿಂದ ಸಾಕ್ಷಿ ಸಿಗುವುದೇ ಕಷ್ಟವಾಯಿತು, ಆರೋಪಿಗಳು ಬಿಡುಗಡೆಯಾದರು. ರೋಗ ವಾಸಿ ಮಾಡಬಲ್ಲನೆಂಬ ಹೆಸರೇ ಆ ಮನುಷ್ಯನಿಗೆ ಮರಣದಂಡನೆಯಾಯಿತು. ಅವನ ಹೆಂಡತಿ ಮಕ್ಕಳ ಮೇಲೆ ಅಷ್ಟು ಆರೋಪವೂ ಇರಲಿಲ್ಲ.

ಈ ಕೊಲೆಗಳನ್ನು ಒಂದು ಜಾತಿಯ ತಪ್ಪೆಂದು ಬರೆದರೆ ಇನ್ನೊಂದು ದೆವ್ವವನ್ನು ಹುಟ್ಟಿಸಿದಂತೆ. ಇಂದಿನ ಬಡಗರು ಆ ಕಾಲದ ಕೊಲೆಗಳಿಗೆ ಉತ್ತರ ಹೇಳಬೇಕಾದವರಲ್ಲ. ಭಯ ತೋಡರದ್ದೂ ಆಗಿತ್ತು, ಕೋತರದ್ದೂ ಆಗಿತ್ತು. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಮಾಟದ ನಂಬಿಕೆ ಬೆಟ್ಟದ ಮೇಲೆ ಎಲ್ಲರಿಗೂ ಇದ್ದಾಗ ಸತ್ತವರು ಕುರುಂಬರೇ ಏಕೆ? 1901-02ರಲ್ಲಿ ತೋಡರ ನಡುವೆ ಇದ್ದು 1906ರಲ್ಲಿ ದೊಡ್ಡ ಗ್ರಂಥ ಬರೆದ ಡಬ್ಲ್ಯು. ಎಚ್. ಆರ್. ರಿವರ್ಸ್, ತೋಡರಲ್ಲೇ ಮಾಟ ಬಲ್ಲವರೆಂಬ ಹೆಸರಿನ ಕುಟುಂಬಗಳಿದ್ದುದನ್ನು ವಿವರವಾಗಿ ದಾಖಲಿಸಿದ್ದಾನೆ. ತೋಡರೊಳಗಿನ ಮಾಟಕ್ಕೆ ಪರಿಹಾರವೂ ಇತ್ತು: ದೈವ ಮೈಮೇಲೆ ಬರುವ ಕಣಿಗಾರನನ್ನು ಕೇಳುವುದು, ಮಾಟ ಮಾಡಿದವನ ಮನೆಗೆ ಹೋಗಿ ಅವನನ್ನು ಒಲಿಸಿಕೊಳ್ಳುವುದು, ಮಾಟ ತೆಗೆಸುವುದು. ತೋಡ ಮಾಟಗಾರನಿಗೆ ಸಂಧಾನ, ಕುರುಂಬ ಮಾಟಗಾರನಿಗೆ ಸಾವು. ಅಪರಾಧ ಒಂದೇ ಆಗಿ ಶಿಕ್ಷೆ ಬೇರೆಯಾದರೆ, ಅದನ್ನು ನಿರ್ಧರಿಸಿದ್ದು ಅಪರಾಧವಲ್ಲ, ಆರೋಪಿಯ ಬಲಾಬಲ. ತೋಡನ ಹಿಂದೆ ಎಮ್ಮೆ ಹಿಂಡು, ಹುಲ್ಲುಗಾವಲು, ಸಾಹೇಬರ ಮೆಚ್ಚುಗೆ ಎಲ್ಲ ಇದ್ದವು. ಕುರುಂಬರು ಕಾಡಿನೊಳಗೆ ಚದುರಿದ ನಾಲ್ಕಾರು ಗುಡಿಸಲುಗಳಲ್ಲಿ ಇರುತ್ತಿದ್ದರು. ಅವರ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ಕೋತರ ಚರಿತ್ರೆ ಇನ್ನೊಂದು ಹೋಲಿಕೆ ಒದಗಿಸುತ್ತದೆ. 1924ರ ಸುಮಾರಿಗೆ ಮರುಕಳಿಸುವ ಜ್ವರ ಬಂದು ಕೋತರಲ್ಲಿ ಬಹಳ ಜನ ಸತ್ತರು. 1930ರ ದಶಕದಲ್ಲಿ ಅಲ್ಲಿ ಅಧ್ಯಯನ ಮಾಡಿದ ಡೇವಿಡ್ ಮ್ಯಾಂಡೆಲ್‌ಬಾಮ್ ಬರೆದಂತೆ, ಆ ಸಂಕಟದಲ್ಲಿ ಕೋತರು ಹೊಸ ದೇವರುಗಳನ್ನು ಬರಮಾಡಿಕೊಂಡು ಹೊಸ ಗುಡಿ ಕಟ್ಟಿದರು. ಮಹಾಮಾರಿ ಬಂದಾಗ ನೆರೆಯವನ ಗುಡಿಸಲಿಗೆ ನುಗ್ಗುವುದೊಂದೇ ಬೆಟ್ಟದ ಜನಕ್ಕೆ ಗೊತ್ತಿದ್ದ ದಾರಿಯಲ್ಲ ಎಂಬುದು ಇದರಿಂದ ಸ್ಪಷ್ಟ. ‘ಅಂದಿನ ಜನಕ್ಕೆ ಅಷ್ಟೇ ತಿಳಿದಿತ್ತು’ ಎಂಬ ಸಮಾಧಾನದ ಮಾತಿಗೆ ಇಲ್ಲಿ ಆಧಾರವಿಲ್ಲ.

ವಿದ್ವಾಂಸರ ನಡುವೆ ಚಲಾವಣೆಯಲ್ಲಿರುವ ಇನ್ನೊಂದು ನಿಲುವು ಮೇಲ್ನೋಟಕ್ಕೆ ಸೌಮ್ಯವಾಗಿದೆ. ನಾಲ್ಕು ಬುಡಕಟ್ಟುಗಳ ಕೊಡುಕೊಳ್ಳುವಿಕೆ ಒಂದು ಸಮತೋಲದ ವ್ಯವಸ್ಥೆಯಾಗಿತ್ತು. ಎಮ್ಮೆ, ಕಬ್ಬಿಣ, ಧಾನ್ಯ, ಮಂತ್ರ ಎಂಬ ನಾಲ್ಕು ಸರಕುಗಳು ಎಲ್ಲರನ್ನೂ ಬೆಸೆದಿದ್ದವು. ಕುರುಂಬನ ಭಯವೂ ಆ ಸಮತೋಲದ ಅಂಗ ಎಂಬುದು ಆ ವಾದ. ನೀಲಗಿರಿಯನ್ನು ಮಾನವಶಾಸ್ತ್ರದ ಪಠ್ಯಗಳಲ್ಲಿ ಹೆಸರಾಗಿಸಿದ್ದು ಈ ಚಿತ್ರವೇ. ಇದರಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಬೆಳೆ ಕೆಟ್ಟ ವರ್ಷ ಬಡಗನನ್ನು ಯಾರೂ ಕೊಲ್ಲಲಿಲ್ಲ. ಕುಡ ಮುರಿದರೆ ಕೋತನನ್ನು ಕೊಲ್ಲಲಿಲ್ಲ. ತುಪ್ಪ ಕೆಟ್ಟರೆ ತೋಡನನ್ನು ಕೊಲ್ಲಲಿಲ್ಲ. ನಾಲ್ವರಲ್ಲಿ ಒಬ್ಬನ ಸರಕಿಗೆ ಮಾತ್ರ ಅವನ ಜೀವವೇ ಒತ್ತೆ. ಮಗು ಸತ್ತರೆ, ದನ ಬಿದ್ದರೆ, ಮಳೆ ತಪ್ಪಿದರೆ ಸರಕು ಕೆಟ್ಟಿತೆಂದು ಲೆಕ್ಕ. ಇಂಥ ಕರಾರನ್ನು ಸಮತೋಲವೆಂದು ಕರೆಯುವುದು ಅಧ್ಯಯನದ ಭಾಷೆಯಲ್ಲಿ ಅನ್ಯಾಯವನ್ನು ಮುಚ್ಚುವುದಷ್ಟೆ. 1930ರ ದಶಕದ ಹೊತ್ತಿಗೆ ಹಣದ ವ್ಯವಹಾರ, ಆಲೂಗಡ್ಡೆ, ಚಹಾ ಬಂದು ಹಳೆಯ ಕೊಡುಕೊಳ್ಳುವಿಕೆ ಸಡಿಲವಾಯಿತು. ಕುರುಂಬನಿಗೆ ಬರುತ್ತಿದ್ದ ಧಾನ್ಯ ನಿಂತಿತು. ಅವನಿಗಂಟಿದ ಹೆಸರು ನಿಲ್ಲಲಿಲ್ಲ.

ಕಾಲಗಣನೆಯನ್ನು ಹತ್ತಿರದಿಂದ ನೋಡಿದರೆ ಈ ಹೆಸರು ಇನ್ನೂ ಯಾರಿಗೆ ಅನುಕೂಲವಾಯಿತೆಂದು ತಿಳಿಯುತ್ತದೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದ ನಂತರದ ದಶಕಗಳಲ್ಲಿ ಇಳಿಜಾರುಗಳಿಗೆ ಕಾಫಿ ಬಂತು, ಆಮೇಲೆ ಚಹಾ ಬಂತು. ತೋಟಗಳಿಗೆ ಬೇಕಾದದ್ದು ಕುರುಂಬರಿದ್ದ ಎತ್ತರವೇ. 1882ರಲ್ಲಿ ಮದ್ರಾಸ್ ಅರಣ್ಯ ಕಾಯ್ದೆ ಬಂದು ಉಳಿದ ಕಾಡೂ ಸರಕಾರದ ಕೈಗೆ ಹೋಯಿತು; ಕಾಡು ಕಡಿದು ಸುಟ್ಟು ರಾಗಿ, ಸಾಮೆ ಚೆಲ್ಲುವ ಹಳೆಯ ಬೇಸಾಯ ಅಪರಾಧವಾಯಿತು. ಅದೇ 1882ರಲ್ಲಿ ಕುರುಂಬರ ಕೊಲೆಗಳು. ಮರುವರ್ಷವೇ ಬ್ಲಾವಟ್‌ಸ್ಕಿಯ ಭೇಟಿ. ಕೆಲವೇ ವರ್ಷಗಳ ಒಳಗೆ ಕಾನೂನು ಅವರ ನೆಲವನ್ನು ತೆಗೆದುಕೊಂಡಿತು, ನೆರೆಹೊರೆ ಅವರ ಜೀವವನ್ನು ತೆಗೆದುಕೊಂಡಿತು, ಸಾಹಿತ್ಯ ಅವರ ಮಾನವನ್ನು ತೆಗೆದುಕೊಂಡಿತು. ಇದರ ಹಿಂದೆ ಯಾರೋ ಕೂತು ಸಂಚು ಮಾಡಿದರೆಂದು ಹೇಳಬೇಕಿಲ್ಲ. ನೆಲ ಕಳೆದುಕೊಂಡವನ ಬಗ್ಗೆ ಮರುಕ ಹುಟ್ಟದಿರಲು ಅವನನ್ನು ದೆವ್ವವೆಂದು ಕಾಣುವುದು ಸುಲಭದ ದಾರಿ, ಅಷ್ಟು ಹೇಳಿದರೆ ಸಾಕು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡು ಗಟ್ಟಿಯಾದವು. ಮೊದಲನೆಯದು: ಕುರುಂಬರೇ ತಮಗೆ ಶಕ್ತಿಯಿದೆಯೆಂದು ಹೇಳಿಕೊಳ್ಳುತ್ತಿದ್ದರಲ್ಲ? ಹೌದು, ಹೇಳಿಕೊಂಡವರಿದ್ದರು. ಆಲು ಕುರುಂಬರ ಕತೆಗಳನ್ನು ಸಂಗ್ರಹಿಸಿದ ಜರ್ಮನ್ ವಿದ್ವಾಂಸ ಡೀಟರ್ ಕಾಪ್ ಅವರ ಬರಹಗಳಲ್ಲೂ ಒಡಿ ಎಂಬ ಮಾಟದ ವಿಚಾರ ಬರುತ್ತದೆ. ಆದರೆ ಭಯವೇ ಸಂಬಳದ ಮೂಲವಾಗಿರುವವನು ತನಗೆ ಶಕ್ತಿಯಿಲ್ಲವೆಂದು ಸಾರಿದರೆ ಅವನ ಒಲೆ ಉರಿಯುವುದಿಲ್ಲ. ಸುತ್ತ ಕೊಲ್ಲಬಲ್ಲ ಜನರಿರುವಾಗ, ಮುಟ್ಟಿದರೆ ಕೇಡಾದೀತೆಂಬ ಅವರ ಅನುಮಾನವೇ ಅವನಿಗಿದ್ದ ಒಂದೇ ಗುರಾಣಿ. ಆ ಗುರಾಣಿಯನ್ನೇ ಆಯುಧವೆಂದು ಲೆಕ್ಕ ಹಾಕಿದ್ದು ಬರಹಗಾರರ ತಪ್ಪು. ಸ್ವಂತ ಬಾಯಿಂದ ಬಂದ ಮಾತನ್ನೇ ಪುರಾವೆಯೆಂದು ಹಿಡಿಯುವುದಾದರೆ, ಅದೇ ಬಾಯಿ ಹೇಳಿದ ಔಷಧಿ, ಬಿತ್ತನೆ, ಕಾವಲಿನ ಮಾತುಗಳನ್ನೂ ಹಿಡಿಯಬೇಕು.

ಕುರುಂಬರ ಸ್ವಂತ ಧರ್ಮ ಹೇಗಿತ್ತೆಂದು ನೋಡಿದವರಿಗೆ ಅಲ್ಲಿ ಕತ್ತಲೆಯ ಒಡೆಯನ ಆರಾಧನೆ ಸಿಗುವುದಿಲ್ಲ. ಬ್ರೀಕ್ಸ್ 1873ರ ಪುಸ್ತಕದಲ್ಲಿ ಕೊಟ್ಟಿರುವ ಒಂದು ವಿವರ ಮಾಟದ ನೂರು ಕತೆಗಳಿಗಿಂತ ಹೆಚ್ಚು ಹೇಳುತ್ತದೆ. ಕೆಲವು ಕುರುಂಬರೂ ಇರುಳ ಬುಡಕಟ್ಟಿನವರೂ ತಮ್ಮಲ್ಲಿ ಯಾರಾದರೂ ಸತ್ತಾಗ ಹೊಳೆಯಲ್ಲಿ ಸವೆದು ನುಣುಪಾದ ಉದ್ದನೆಯ ಕಲ್ಲೊಂದನ್ನು ಆರಿಸಿ ತರುತ್ತಿದ್ದರು. ದೇವ ಕೊಟ್ಟ ಕಲ್ಲೆಂದು ಅದರ ಹೆಸರು. ಹಿಂದಿನ ಕಾಲದ ಹಾಸುಬಂಡೆಗಳ ಕಲ್ಮನೆಯೊಳಗೆ ಅದನ್ನು ಇಡುತ್ತಿದ್ದರು, ಅದು ಸಾವುಮನೆ. ತಲೆಮಾರುಗಳ ಕಲ್ಲುಗಳು ಸೇರಿ ಕೆಲವು ಸಾವುಮನೆಗಳು ಚಪ್ಪಡಿಯ ಮಟ್ಟಕ್ಕೆ ತುಂಬಿದ್ದವು. ಸತ್ತ ಒಬ್ಬೊಬ್ಬರಿಗೂ ಒಂದೊಂದು ಕಲ್ಲು ಹುಡುಕಿ ತಂದಿಟ್ಟ ಈ ಜನವನ್ನು ಸಾವಿನ ವ್ಯಾಪಾರಿಗಳೆಂದು ಚಿತ್ರಿಸಲಾಗಿದೆ.

ಅವರ ಜೇನು ಕೀಳುವ ಕೆಲಸವನ್ನೂ ಹೀಗೆಯೇ ನೋಡಬೇಕು. ಕೋತಗಿರಿಯ ಕಡೆಯ ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಕೀಳಲು ಹೋಗುವವರು ಮೊದಲು ಕೆಲವು ದಿನ ಮಡಿಯಲ್ಲಿರುತ್ತಾರೆ. ಕಾಡುಬಳ್ಳಿಯ ಏಣಿಯನ್ನು ಬಂಡೆಯ ನೆತ್ತಿಯಲ್ಲಿ ಮರಕ್ಕೆ ಬಿಗಿದು ಒಬ್ಬ ಇಳಿಯುತ್ತಾನೆ; ಕೆಳಗಿನಿಂದ ಹಸಿ ಸೊಪ್ಪಿನ ಹೊಗೆ ಏಳುತ್ತದೆ; ಮೇಲೆ ಏಣಿಯ ಕಟ್ಟನ್ನು ಕಾಯುವವನು ಭಾವಮೈದುನ, ತಂಗಿಯ ಮಾಂಗಲ್ಯದ ಹೊಣೆ ಹೊತ್ತವನು. ಮಂತ್ರದ ಕತೆ ಹೇಳುವವರು ಈ ಧೈರ್ಯವನ್ನು, ಹೆಣೆಯುವ ಜಾಣತನವನ್ನು, ನಂಟಿನ ಮೇಲಿನ ನಂಬಿಕೆಯನ್ನು ಒಂದೇ ಮಾತಿನಲ್ಲಿ ಅಳಿಸುತ್ತಾರೆ. ಸಾಧಾರಣ ಜನಕ್ಕೆ ಆಗದ ಕೆಲಸ ಮಾಡಿದವನು ಬಡವನಾಗಿದ್ದರೆ ಅದು ಮಂತ್ರ, ಉಳ್ಳವನಾಗಿದ್ದರೆ ವಿದ್ಯೆ ಎಂಬ ಲೆಕ್ಕ ಇದು.

ಎರಡನೆಯ ಆಕ್ಷೇಪ: ಅದ್ಭುತ ಕತೆಗೆ ದೆವ್ವ ಬೇಕೇ ಬೇಕು, ಕಲ್ಪನೆಗೆ ಲಗಾಮು ಹಾಕುವುದು ಸರಿಯೇ? ದೆವ್ವದ ಪಾತ್ರಕ್ಕೆ ಯಾರ ಆಕ್ಷೇಪವೂ ಇಲ್ಲ. ಯಕ್ಷಗಾನದ ಬಣ್ಣದ ವೇಷ ರಂಗದಲ್ಲಿ ಎಷ್ಟು ಅಬ್ಬರಿಸಿದರೂ ಬೆಳಗಾಗುವ ಹೊತ್ತಿಗೆ ಚೌಕಿಗೆ ಹೋಗಿ ಬಣ್ಣ ತೆಗೆದು ಮನುಷ್ಯನಾಗಿ ಮನೆಗೆ ಹೋಗುತ್ತದೆ. ಕುರುಂಬನಿಗೆ ಬಳಿದ ಬಣ್ಣವನ್ನು ತೆಗೆಯಲು ಚೌಕಿಯಿಲ್ಲ. ಕಲ್ಪಿತ ಲೋಕದ ದೆವ್ವಕ್ಕೆ ಕಲ್ಪಿತ ಹೆಸರಿಡುವುದು ಕತೆಗಾರನಿಗೆ ಕಷ್ಟವಲ್ಲ. ಬದುಕಿರುವ ಸಮುದಾಯದ ಹೆಸರನ್ನೇ ಎತ್ತಿಕೊಂಡು, ಖಳನಾಯಕನ ಬೆನ್ನಿಗೆ ನಿಲ್ಲುವ ಕಾಡಿನ ಮಂತ್ರವಾದಿಯನ್ನು ಅವರ ವೇಷದಲ್ಲಿ ತೋರಿಸುವುದು ಕಲ್ಪನೆಯ ಸ್ವಾತಂತ್ರ್ಯವಲ್ಲ, ಕಲ್ಪನೆಯ ಬಡತನ. ಸಿನಿಮಾ ಮತ್ತು ಧಾರಾವಾಹಿಗಳು ಮತ್ತೆ ಮತ್ತೆ ತೋರಿಸುವ, ಎಲುಬಿನ ಸರ ತೊಟ್ಟು ಒಡೆಯನ ಅಪ್ಪಣೆಗೆ ಕಾಯುವ ಆ ಪಾತ್ರ ಹತ್ತೊಂಬತ್ತನೆಯ ಶತಮಾನದ ಅದೇ ಸುಳ್ಳಿನ ಮೊಮ್ಮಗ.

ಇಂದಿನ ನೀಲಗಿರಿಯಲ್ಲಿ ಈ ಸುಳ್ಳಿಗೆ ಎದುರಾಗಿ ನಿಲ್ಲುವ ಸಂಗತಿಗಳು ಬೇಕಾದಷ್ಟಿವೆ. ಗೂಡಲೂರಿನಲ್ಲಿ 1990ರಲ್ಲಿ ಆರಂಭವಾದ ಅಶ್ವಿನಿ ಸಂಸ್ಥೆಯ ಆದಿವಾಸಿ ಆಸ್ಪತ್ರೆಯಲ್ಲಿ ದಾದಿಯರಾಗಿ, ಆರೋಗ್ಯ ಕಾರ್ಯಕರ್ತರಾಗಿ ದುಡಿಯುವವರು ಆದಿವಾಸಿ ಹೆಣ್ಣುಮಕ್ಕಳೇ. ಊರಿಗೆ ರೋಗ ತರುವವರೆಂದು ನಿಂದೆ ಹೊತ್ತ ಕಾಡಿನ ಜನರ ಮಕ್ಕಳು ಇಂದು ಹೆರಿಗೆ ಮಾಡಿಸುತ್ತಾರೆ, ಲಸಿಕೆ ಹಾಕುತ್ತಾರೆ. ತೆಪ್ಪಕಾಡಿನ ಆನೆ ಶಿಬಿರದಲ್ಲಿ ಮಾವುತರು, ಕಾವಾಡಿಗಳು ಬಹುಪಾಲು ಬೆಟ್ಟ ಕುರುಂಬರು ಮತ್ತು ಕಾಟ್ಟುನಾಯಕರು. ಅಲ್ಲಿನ ಬೊಮ್ಮನ್ ಮತ್ತು ಬೆಳ್ಳಿ ದಂಪತಿ ತಬ್ಬಲಿ ಆನೆಮರಿಯನ್ನು ಸಾಕಿದ ಸಾಕ್ಷ್ಯಚಿತ್ರಕ್ಕೆ 2023ರಲ್ಲಿ ಆಸ್ಕರ್ ಬಂತು. ಕೋತಗಿರಿಯ ಹತ್ತಿರದ ವೆಳ್ಳರಿಕೊಂಬೆಯ ಆಲು ಕುರುಂಬರು ಹೊನ್ನೆ ಮರದ ಅಂಟಿನ ಕೆಂಗಂದು ಬಣ್ಣದಲ್ಲಿ ಜೇನು ಕೀಳುವುದನ್ನೂ ಹಬ್ಬದ ಕುಣಿತವನ್ನೂ ಬರೆಯುತ್ತಾರೆ. ಗುಡಿ ಮತ್ತು ಮನೆಗಳ ಗೋಡೆಯ ಮೇಲಿದ್ದ ಈ ಚಿತ್ರಕಲೆ ಈಗ ಕಾಗದಕ್ಕೂ ಬಟ್ಟೆಗೂ ಬಂದಿದೆ. ಅಲ್ಲಿಗೆ ಹತ್ತಿರದಲ್ಲೇ ಹಳೆಯ ಬಂಡೆಚಿತ್ರಗಳ ನೆಲೆಯೂ ಇದೆ.

ಆದರೆ ಇವುಗಳನ್ನು ಮೆಚ್ಚಿದ ಮಾತ್ರಕ್ಕೆ ಹಳೆಯ ಸಾಲ ತೀರುವುದಿಲ್ಲ. ಆನೆ ಸಾಕಿದ ಕುರುಂಬನನ್ನು ಮುದ್ದಿಸಿ, ಮಾಟದ ಕತೆಯನ್ನೂ ಜೊತೆಗಿಟ್ಟುಕೊಳ್ಳುವ ಬರಹಗಳು ಈಗಲೂ ಬರುತ್ತಿವೆ. ಕಾಡಿನ ಮನುಷ್ಯ ದೆವ್ವ ಅಥವಾ ದೇವದೂತ ಎಂಬ ಎರಡೇ ಅಚ್ಚುಗಳಲ್ಲಿ ಅವನನ್ನು ಎರಕ ಹೊಯ್ಯುವವರಿಗೆ ಅವನು ನೆಲ, ಶಾಲೆ, ಆಸ್ಪತ್ರೆ ಕೇಳುವ ನಾಗರಿಕನೆಂಬುದು ಕಾಣುವುದಿಲ್ಲ. ತಮಿಳುನಾಡಿನಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಲಾಗಿರುವ ತೋಡ, ಕೋತ, ಕುರುಂಬ, ಇರುಳ, ಪಣಿಯ, ಕಾಟ್ಟುನಾಯಕ ಎಂಬ ಆರು ಬುಡಕಟ್ಟುಗಳೂ ಈ ಒಂದೇ ಜಿಲ್ಲೆಯಲ್ಲಿವೆ. 2006ರ ಅರಣ್ಯ ಹಕ್ಕು ಕಾಯ್ದೆ ಅವರಿಗೆ ಕಾಡಿನ ಮೇಲೆ ಹಕ್ಕನ್ನು ಒಪ್ಪಿಕೊಂಡಿದೆ. 1882ರಲ್ಲಿ ಹೋದದ್ದನ್ನು ಭಾಗಶಃ ಮರಳಿ ಕೊಡುವ ಕಾನೂನು ಅದು. ಆ ಹಕ್ಕಿನ ಅರ್ಜಿ ಹಿಡಿದು ಬರುವವನನ್ನು ಮಾಟಗಾರನ ಮೊಮ್ಮಗನೆಂದು ನೋಡುವ ಕಣ್ಣು ಕಚೇರಿಗಳಲ್ಲಿ, ಪಠ್ಯಗಳಲ್ಲಿ, ಪತ್ರಿಕೆಗಳಲ್ಲಿ ಉಳಿದಿರುವವರೆಗೆ ಕಾನೂನು ಅರ್ಧವೇ ಜಾರಿಯಾದಂತೆ.

ಮಾಡಬೇಕಾದ ತಿದ್ದುಪಡಿ ದೊಡ್ಡದಲ್ಲ. ನೀಲಗಿರಿಯ ಬಗ್ಗೆ ಬರೆಯುವವರು ಕುರುಂಬರನ್ನು ಅವರವರ ಸಮುದಾಯದ ಹೆಸರಿನಿಂದಲೇ ಕರೆಯಬೇಕು. ಕಣಿಕುರುಂಬನ ವಿಚಾರ ಬಂದಲ್ಲಿ ಬಿತ್ತನೆ, ಕೊಯ್ಲು, ಕಾವಲುಗಳನ್ನು ಮೊದಲು ಹೇಳಿ ಅವನನ್ನು ಪೂಜಾರಿಯೆಂದು ಗುರುತಿಸಬೇಕು. ಮಾಟದ ನಂಬಿಕೆಯನ್ನು ಉಲ್ಲೇಖಿಸಲೇಬೇಕಾದಲ್ಲಿ 1835, 1875, 1882, 1900ರ ಕೊಲೆಗಳನ್ನೂ ಅದೇ ಪುಟದಲ್ಲಿ ಹೇಳಬೇಕು; ಆಗ ಯಾರು ಯಾರಿಗೆ ಹೆದರಬೇಕಿತ್ತೆಂದು ಓದುಗರಿಗೆ ತಾನಾಗಿ ತಿಳಿಯುತ್ತದೆ. ಬ್ಲಾವಟ್‌ಸ್ಕಿಯ ಪುಸ್ತಕವನ್ನು ನೀಲಗಿರಿಯ ಚರಿತ್ರೆಗೆ ಆಕರವೆಂದು ಬಳಸುವುದನ್ನು ಬಿಟ್ಟು, ಒಂದು ಜನವನ್ನು ಕಲ್ಪಿತ ಲೋಕದ ದೆವ್ವವನ್ನಾಗಿ ಹೇಗೆ ಮಾಡಲಾಯಿತೆಂಬುದಕ್ಕೆ ಮಾತ್ರ ಸಾಕ್ಷಿಯಾಗಿ ಓದಬೇಕು. ಇಷ್ಟನ್ನೂ ಮಾಡದೆ ಹಳೆಯ ವಾಕ್ಯಗಳನ್ನೇ ಮತ್ತೆ ಅಚ್ಚು ಹಾಕುವವರು, ತಮಗೆ ತಿಳಿದೋ ತಿಳಿಯದೆಯೋ, ಆ ಕೊಲೆಗಾರರ ಪರವಾಗಿ ಇಂದಿಗೂ ಸಾಕ್ಷಿ ಹೇಳುತ್ತಿದ್ದಾರೆ.